ಪಿಯಾನೋ ಬೆಂಚಿನಲ್ಲಿ ಸಿಕ್ಕ ಯುದ್ಧದ ಹಾಡುಗಳು: ಮೊದಲು ತಾರೀಖಿನ ಪ್ರಕಾರ ಜೋಡಿಸಿ

ಪ್ರಶ್ನೆ: ನಾವು ಅಮೆರಿಕದ ಒಹಾಯೋದಲ್ಲಿ ಒಂದು ಹಳೇ ಮನೆ ಕೊಂಡಿದ್ದೇವೆ. ಹಿಂದಿನವರು ಸಾಗಿಸೋಕೆ ಆಗದೆ ಪಿಯಾನೋ ಅಲ್ಲೇ ಬಿಟ್ಟು ಹೋಗಿದ್ದಾರೆ. ಅದರ ಬೆಂಚಿನ ಮುಚ್ಚಳ ಎತ್ತಿದರೆ ಒಳಗೆ ಮೂವತ್ತರಷ್ಟು ಹಾಡಿನ ಹಾಳೆಗಳಿವೆ. ಎಲ್ಲ ಮೊದಲ ಮಹಾಯುದ್ಧದ ಕಾಲದವು. ಮುಖಪುಟದಲ್ಲಿ ಸೈನಿಕರು, ಬಾವುಟ, ಅಳುವ ತಾಯಂದಿರು. ಕೆಲವು ತುಂಬಾ ದೊಡ್ಡವು, ಕೆಲವು ಚಿಕ್ಕ ಪುಸ್ತಕದಷ್ಟು. ಒಂದು ಹಾಡಿನಲ್ಲಿ ಮಗನನ್ನು ಯುದ್ಧಕ್ಕೆ ಕಳಿಸಲ್ಲ ಅಂತ ಇದೆ, ಇನ್ನೊಂದರಲ್ಲಿ ಇಗೋ ನನ್ನ ಮಗ ಅಂತ ಇದೆ. ಒಂದೇ ಮನೆಯವರು ಎರಡನ್ನೂ ಯಾಕೆ ಕೊಂಡರು? ಇವು ಸರ್ಕಾರದ ಪ್ರಚಾರವಾ, ಜನ ನಿಜವಾಗಿ ಹಾಡುತ್ತಿದ್ದ ಹಾಡುಗಳಾ? ಬೆಲೆ ಬಾಳುತ್ತವಾ? ಮಗಳು ಪಿಯಾನೋ ಕಲಿಯುತ್ತಿದ್ದಾಳೆ. ಕನ್ನಡ ಕೂಟದ ಕಾರ್ಯಕ್ರಮದಲ್ಲಿ ನುಡಿಸಿ ಯೂಟ್ಯೂಬಿಗೆ ಹಾಕಬಹುದಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಇಂಥ ಕಟ್ಟುಗಳನ್ನು ಜನ ಸಾಮಾನ್ಯವಾಗಿ ಚಿತ್ರ ಚೆನ್ನಾಗಿರೋದು ಒಂದು ಕಡೆ, ಹರಿದಿರೋದು ಒಂದು ಕಡೆ ಅಂತ ಬೇರೆ ಮಾಡಿಬಿಡುತ್ತಾರೆ. ಹರಿದವು ಕಸಕ್ಕೆ ಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಮೂವತ್ತನ್ನೂ ಊಟದ ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಇಡಿ. ನಿಮ್ಮ ಅರ್ಧ ಪ್ರಶ್ನೆಗಳಿಗೆ ಆ ಸಾಲೇ ಉತ್ತರ ಹೇಳುತ್ತದೆ.

ತಾರೀಖು ಮುಖಪುಟದಲ್ಲಿ ಇರೋದು ಕಡಿಮೆ. ಒಳಗೆ, ಸಂಗೀತ ಶುರುವಾಗುವ ಮೊದಲ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ಹಕ್ಕುಸ್ವಾಮ್ಯದ ಸಾಲು ಇರುತ್ತದೆ. ಎಷ್ಟೋ ಸಲ ವರ್ಷವನ್ನು ರೋಮನ್ ಅಂಕಿಯಲ್ಲಿ ಹಾಕಿರುತ್ತಾರೆ. ಎಂ-ಸಿ-ಎಂ-ಎಕ್ಸ್-ವಿ ಇದ್ದರೆ 1915. ಅದರ ಕೊನೆಗೆ ಎರಡು ಐ ಸೇರಿದ್ದರೆ 1917, ಮೂರಿದ್ದರೆ 1918. ಒಂದು ಎಚ್ಚರಿಕೆ: ಅದು ಹಾಡು ಮೊದಲು ಪ್ರಕಟವಾದ ವರ್ಷ. ನಿಮ್ಮ ಕೈಲಿರುವ ಪ್ರತಿ ಅದಕ್ಕಿಂತ ಆಮೇಲಿನ ಮುದ್ರಣ ಇರಬಹುದು. ಸ್ವರಗಳ ಮೇಲೆ ಯುಕುಲೆಲೆಯ (ಪುಟ್ಟ ಗಿಟಾರಿನಂಥ ವಾದ್ಯ) ಪುಟ್ಟ ಚೌಕದ ಚಿತ್ರಗಳಿದ್ದರೆ ಅದು 1920ರ ದಶಕದ್ದು ಅಥವಾ ಇನ್ನೂ ಈಚಿನದು.

ಈಗ, ಇವು ಏನು ಅನ್ನುವ ಪ್ರಶ್ನೆ. ನಮ್ಮಲ್ಲಿ ಟೆಂಟ್ ಸಿನಿಮಾ ಹತ್ತಿರ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಥರದ ವ್ಯಾಪಾರ. ವ್ಯತ್ಯಾಸ ಏನಂದರೆ ನಮ್ಮದರಲ್ಲಿ ಸಾಹಿತ್ಯ ಮಾತ್ರ, ಇದರಲ್ಲಿ ಪಿಯಾನೋಗೆ ಬೇಕಾದ ಸ್ವರಲಿಪಿಯೂ ಇರುತ್ತದೆ. ರೇಡಿಯೋ ಪ್ರಸಾರ ಇನ್ನೂ ಬಂದಿರಲಿಲ್ಲ. ಗ್ರಾಮಫೋನ್ ಇತ್ತು, ಆದರೆ ಎಲ್ಲರ ಮನೆಯಲ್ಲೂ ಇರಲಿಲ್ಲ. ಪಿಯಾನೋ ಮಾತ್ರ ಮಧ್ಯಮ ವರ್ಗದ ಮನೆಗಳಲ್ಲಿ ಮಾಮೂಲಿ. 1909ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 3.6 ಲಕ್ಷಕ್ಕೂ ಜಾಸ್ತಿ ಪಿಯಾನೋ ತಯಾರಾದವು. ಹೊಸ ಹಾಡು ಬೇಕು ಅಂದರೆ ಅಂಗಡಿಗೆ ಹೋಗಿ ಹಾಳೆ ತಂದು ಮನೆಯಲ್ಲೇ ನುಡಿಸಬೇಕು. ವುಲ್‌ವರ್ತ್ ಥರದ ಅಂಗಡಿಗಳಲ್ಲಿ ಹಾಳೆಗೆ 10 ಸೆಂಟ್.

ಈ ವ್ಯಾಪಾರದ ಕೇಂದ್ರ ನ್ಯೂಯಾರ್ಕ್. ಮ್ಯಾನ್‌ಹ್ಯಾಟನ್‌ನ ಪಶ್ಚಿಮ 28ನೇ ಬೀದಿಯಲ್ಲಿ ಹಾಡು ಪ್ರಕಾಶಕರು ಒತ್ತೊತ್ತಾಗಿ ಕಚೇರಿ ಮಾಡಿಕೊಂಡಿದ್ದರು. ಆ ಬೀದಿಗೆ ಟಿನ್ ಪ್ಯಾನ್ ಆಲಿ ಅನ್ನುವ ಹೆಸರು ಬಿತ್ತು. ಯುದ್ಧದ ಹೊತ್ತಿಗೆ ಎಷ್ಟೋ ಕಚೇರಿಗಳು ಅಲ್ಲಿಂದ ಎದ್ದು ಮೇಲಿನ ಬೀದಿಗಳಿಗೆ ಹೋಗಿದ್ದವು, ಹೆಸರು ಮಾತ್ರ ಇಡೀ ವ್ಯಾಪಾರಕ್ಕೇ ಉಳಿಯಿತು. ಹಾಡು ಬರೆಯೋರು, ಸ್ವರಲಿಪಿಗೆ ಇಳಿಸೋರು, ಮುಖಪುಟ ಬಿಡಿಸೋರು, ನಾಟಕ ಮಂಡಳಿಯವರ ಹಿಂದೆ ಬಿದ್ದು ನಮ್ಮ ಹಾಡು ಹಾಡಿ ಅಂತ ಒಪ್ಪಿಸೋರು, ಎಲ್ಲರೂ ಅಲ್ಲಿದ್ದರು. ಗಿರಾಕಿಗಳ ಮುಂದೆ ದಿನವಿಡೀ ಹಾಡು ನುಡಿಸಿ ತೋರಿಸುವ ಕೆಲಸಕ್ಕೂ ಜನ ಇದ್ದರು. ಮುಂದೆ ದೊಡ್ಡ ಸಂಗೀತಕಾರರಾದ ಜಾರ್ಜ್ ಗರ್ಶ್ವಿನ್ 1914ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ರೆಮಿಕ್ ಕಂಪನಿಯಲ್ಲಿ ಸೇರಿದ್ದು ಇದೇ ಕೆಲಸಕ್ಕೆ.

ಮುಖಪುಟದ ಮೂಲೆಯಲ್ಲಿ ಗಾಯಕರ ಪುಟ್ಟ ಫೋಟೋ ಇದೆಯಾ ನೋಡಿ. ಅದು ಕೊಡು-ಕೊಳ್ಳುವ ಲೆಕ್ಕ. ಗಾಯಕರು ವೇದಿಕೆಯಲ್ಲಿ ಹಾಡು ಹಾಡಬೇಕು, ಪ್ರಕಾಶಕರು ಅವರ ಮುಖವನ್ನು ಊರೂರಿಗೆ ಮುಟ್ಟಿಸಬೇಕು. ಅದಕ್ಕೇ ಒಂದೇ ಹಾಡು ಬೇರೆ ಬೇರೆ ಫೋಟೋ ಇಟ್ಟುಕೊಂಡು ಬಂದಿರುತ್ತದೆ. ಕೊನೇ ಪುಟ ತಿರುಗಿಸಿ. ಅಲ್ಲಿ ಬೇರೊಂದು ಹಾಡಿನ ಮೊದಲ ಕೆಲವು ಸಾಲು ಅಚ್ಚಾಗಿರುತ್ತದೆ, ನಿಮ್ಮ ಪಿಯಾನೋ ಮೇಲೆ ನುಡಿಸಿ ನೋಡಿ ಅಂತ. ಪೂರ್ತಿ ಬೇಕಿದ್ದರೆ ಅಂಗಡಿಗೆ ಬನ್ನಿ ಅನ್ನೋದು ಅದರ ಅರ್ಥ. ಸರ್ಕಾರದ ಪ್ರಚಾರ ಪತ್ರದಲ್ಲಿ ಇಂಥ ಜಾಹೀರಾತು ಇರಲ್ಲ, ಅಲ್ವಾ?

ತಾಯಿಯ ಹಾಡುಗಳಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಅದೇ.

ಯುರೋಪಿನಲ್ಲಿ ಯುದ್ಧ ಶುರುವಾಗಿದ್ದು 1914ರಲ್ಲಿ. ಅಮೆರಿಕ ಕಾಲಿಟ್ಟಿದ್ದು 1917ರ ಏಪ್ರಿಲ್ 6ಕ್ಕೆ. ನಡುವಿನ ಎರಡೂವರೆ ವರ್ಷ ಅಲ್ಲಿನ ಬಹಳಷ್ಟು ಜನರಿಗೆ ಈ ಜಗಳ ನಮ್ಮದಲ್ಲ ಅನಿಸಿತ್ತು. 1915ರಲ್ಲಿ ಲಿಯೋ ಫೈಸ್ಟ್ ಕಂಪನಿ ‘ಐ ಡಿಡಂಟ್ ರೇಸ್ ಮೈ ಬಾಯ್ ಟು ಬಿ ಎ ಸೋಲ್ಜರ್’ ಅನ್ನುವ ಹಾಡು ಹೊರತಂದಿತು. ಸಾಹಿತ್ಯ ಆಲ್ಫ್ರೆಡ್ ಬ್ರಯಾನ್, ಸಂಗೀತ ಆಲ್ ಪಿಯಾಂಟಡೋಸಿ. ಮುಖಪುಟದಲ್ಲಿ ತಲೆ ನರೆತ ತಾಯಿ ಮಗನನ್ನು ಎದೆಗೆ ಅಪ್ಪಿಕೊಂಡಿದ್ದಾಳೆ. ಅವರ ತಲೆ ಮೇಲೆ ಅವಳ ಮನಸ್ಸಿನ ಭಯದ ಹಾಗೆ ಯುದ್ಧದ ದೃಶ್ಯ. ನಾನು ಸಾಕಿದ್ದು ಸೈನಿಕನಾಗಲಿ ಅಂತ ಅಲ್ಲ, ಇನ್ನೊಬ್ಬ ತಾಯಿಯ ಮಗನನ್ನು ಕೊಲ್ಲಲಿ ಅಂತ ಅಲ್ಲ ಅನ್ನೋದು ಹಾಡಿನ ಒಟ್ಟು ಮಾತು. ಹಾಡಿನ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದರ ಮೇಲೆ ಕೆಂಡ ಕಾರಿದರು. ಉತ್ತರವಾಗಿ ‘ನಾನು ಸಾಕಿದ್ದು ಹೇಡಿಯಾಗಲಿ ಅಂತ ಅಲ್ಲ’ ಅನ್ನುವ ಥರದ ಹಾಡುಗಳೂ ಹುಟ್ಟಿಕೊಂಡವು.

1917ರ ಸಾಲಿಗೆ ಬನ್ನಿ. ‘ಅಮೆರಿಕ, ಹಿಯರ್ಸ್ ಮೈ ಬಾಯ್’ ಸಿಗುತ್ತದೆ. ನೀವು ಹೇಳಿದ್ದು ಬಹುಶಃ ಅದನ್ನೇ. ಆಂಡ್ರ್ಯೂ ಸ್ಟರ್ಲಿಂಗ್ ಮತ್ತು ಆರ್ಥರ್ ಲ್ಯಾಂಗ್ ಮಾಡಿದ ಹಾಡು. ಇಲ್ಲೂ ತಾಯಿಯೇ, ಇಲ್ಲೂ ಮಗನೇ. ಆದರೆ ಈ ತಾಯಿ, ನಿನಗೋಸ್ಕರವೇ ಇವನನ್ನು ಸಾಕಿದೆ ಅಂತ ದೇಶಕ್ಕೆ ಹೇಳುತ್ತಾಳೆ. ಹಿಂದಿನ ಹಾಡಿಗೆ ನೇರ ಉತ್ತರ. ಇನ್ನೂ ಒಂದು ವಿಷಯ: ಪೀರ್‌ಲೆಸ್ ಕ್ವಾರ್ಟೆಟ್ ಅನ್ನುವ ಗಾಯಕರ ತಂಡ ಎರಡನ್ನೂ ರೆಕಾರ್ಡ್ ಮಾಡಿತು. ಮೊದಲನೆಯ ಹಾಡಿಗೆ ಸಾಹಿತ್ಯ ಬರೆದ ಬ್ರಯಾನ್ 1917ರಲ್ಲಿ ಇನ್ನೊಬ್ಬರ ಜೊತೆ ಸೇರಿ ಬರೆದದ್ದು ಫ್ರಾನ್ಸಿನ ಹಳೇ ಕಾಲದ ವೀರವನಿತೆ ಜೋನ್ ಆಫ್ ಆರ್ಕ್ ಮೇಲೆ, ಬಾ, ಫ್ರಾನ್ಸನ್ನು ಕಾಪಾಡು ಅಂತ ಕರೆಯುವ ಹಾಡು. ಅದೂ ಜೋರಾಗಿ ಓಡಿತು.

ಇದನ್ನು ನೋಡಿ ಅವರಿಗೆ ನಂಬಿಕೆ ಅನ್ನೋದೇ ಇರಲಿಲ್ಲ, ದುಡ್ಡು ಬಂದ ಕಡೆ ತಿರುಗಿದರು ಅಂತ ಬರೆಯುವವರಿದ್ದಾರೆ. ನನಗೆ ಅದು ಅವಸರದ ತೀರ್ಪು ಅನಿಸುತ್ತದೆ. ನಿಮ್ಮ ಮನೆಯ ಬೆಂಚನ್ನೇ ನೋಡಿ. ಆ ಮನೆಯವರು 1915ರ ಹಾಡು ಕೊಂಡರು, ಹಾಡಿದರು. 1917ರಲ್ಲಿ ಇನ್ನೊಂದು ಕೊಂಡರು. ಮೊದಲನೆಯದನ್ನು ಹರಿದು ಎಸೆಯಲಿಲ್ಲ. ಎರಡೂ ಒಂದೇ ಕಟ್ಟಿನಲ್ಲಿ ಉಳಿದವು. 1917ರ ಮೇ ತಿಂಗಳಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ಬಂತು. ಜೂನ್ 5ಕ್ಕೆ 21ರಿಂದ 30 ವರ್ಷದ ಗಂಡಸರೆಲ್ಲ ಹೆಸರು ಬರೆಸಬೇಕಾಯಿತು. ಕಳಿಸಲ್ಲ ಅನ್ನಲು ಆ ತಾಯಿಗೆ ಇನ್ನು ದಾರಿ ಇರಲಿಲ್ಲ. ಹೋಗಲೇಬೇಕು ಅಂದಮೇಲೆ, ಹೆಮ್ಮೆಯಿಂದ ಕಳಿಸುತ್ತೇನೆ ಅನ್ನುವ ಹಾಡು ಅವಳ ಕೈಗೆ ಆಸರೆ ಆಗಿರಬಹುದು. ಹಾಡು ಅವಳ ಮನಸ್ಸು ಬದಲಿಸಿತು ಅನ್ನುವುದಕ್ಕಿಂತ, ಬದಲಾದ ಪರಿಸ್ಥಿತಿಗೆ ಮಾತು ಕೊಟ್ಟಿತು ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಎಲ್ಲವೂ ಜನರ ಇಷ್ಟದ ಪ್ರಕಾರವೇ ನಡೆಯಿತು ಅಂತ ಅಲ್ಲ. 1917ರ ಜೂನ್‌ನಲ್ಲಿ ಬೇಹುಗಾರಿಕೆ ಕಾಯ್ದೆ ಬಂತು, 1918ರ ಮೇ ತಿಂಗಳಲ್ಲಿ ರಾಜದ್ರೋಹದ ತಿದ್ದುಪಡಿ. ಯುದ್ಧದ ವಿರುದ್ಧ ಮಾತಾಡಿದವರು ಜೈಲಿಗೆ ಹೋದರು. ಶಾಂತಿಯ ಹಾಡು ಮಾರುಕಟ್ಟೆಯಿಂದ ಮಾಯವಾಗಿದ್ದು ಜನರಿಗೆ ಬೇಡವಾಗಿ ಮಾತ್ರ ಅಲ್ಲ. ನಿಮ್ಮ ಸಾಲಿನಲ್ಲಿ 1917ರ ಏಪ್ರಿಲ್ ಆದಮೇಲೆ ಅಂಥದ್ದು ಒಂದೂ ಸಿಗದಿದ್ದರೆ ಆಶ್ಚರ್ಯ ಪಡಬೇಡಿ. ಜರ್ಮನ್ ಸಂಗೀತಕ್ಕೂ ಕಷ್ಟ ಬಂತು. ಬಾಸ್ಟನ್ ಸಿಂಫನಿ ವಾದ್ಯವೃಂದದ ನಿರ್ದೇಶಕ ಕಾರ್ಲ್ ಮುಕ್ ಅವರನ್ನು 1918ರ ಮಾರ್ಚ್‌ನಲ್ಲಿ ಹಿಡಿದು ಜಾರ್ಜಿಯಾ ರಾಜ್ಯದ ಬಂಧನ ಶಿಬಿರದಲ್ಲಿ ಇಟ್ಟರು. ನಿಮ್ಮ ಒಹಾಯೋದ ಸಿನ್ಸಿನಾಟಿಯಲ್ಲಿ ಜರ್ಮನ್ ಮೂಲದವರು ಬಹಳ. ಅಲ್ಲಿ ಜರ್ಮನ್ ಹೆಸರಿನ ಬೀದಿಗಳಿಗೆ ಬೇರೆ ಹೆಸರಿಟ್ಟರು.

ಸರ್ಕಾರ ಸ್ವತಃ ಹಾಡು ಬರೆಸಿತಾ? ಕಡಿಮೆ. ಆದರೆ ಹಾಡಿಸಿತು. ತರಬೇತಿ ಶಿಬಿರಗಳಿಗೆ ಹಾಡು ಹೇಳಿಕೊಡುವವರನ್ನು ನೇಮಿಸಿತು. ಹಾಡುವ ಸೇನೆ ಚೆನ್ನಾಗಿ ಹೋರಾಡುತ್ತೆ ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ಸಿನಿಮಾ ಮಂದಿರಗಳಲ್ಲಿ ರೀಲು ಬದಲಿಸುವ ನಾಲ್ಕು ನಿಮಿಷದಲ್ಲಿ ಎದ್ದು ಭಾಷಣ ಮಾಡುವ ಸ್ವಯಂಸೇವಕರಿದ್ದರು. ಅವರು ಸಭಿಕರಿಂದ ಹಾಡೂ ಹಾಡಿಸಿದರು. ಪ್ರಕಾಶಕರೂ ಈ ಗಾಳಿಗೆ ತೂರಿಕೊಂಡರು. ಸಂಗೀತ ಯುದ್ಧ ಗೆಲ್ಲಿಸುತ್ತದೆ ಅಂತ ಫೈಸ್ಟ್ ಕಂಪನಿ ಜಾಹೀರಾತು ಹಾಕಿತು.

ನಿಮ್ಮ ಕಟ್ಟಿನಲ್ಲಿ ‘ಓವರ್ ದೇರ್’ ಇದ್ದೇ ಇರುತ್ತದೆ ಅಂತ ನನ್ನ ಊಹೆ. ಜಾರ್ಜ್ ಎಂ. ಕೋಹನ್ ಅದನ್ನು ಯುದ್ಧ ಘೋಷಣೆಯ ಬೆನ್ನಿಗೇ ಬರೆದರು. ನೋರಾ ಬೇಯ್ಸ್ ಹಾಡಿದ ರೆಕಾರ್ಡು ಅದೇ ವರ್ಷ ಬಂತು. ಮೊದಲು ಬೇರೊಂದು ಸಣ್ಣ ಕಂಪನಿಯದಾಗಿದ್ದ ಹಾಡಿನ ಹಕ್ಕನ್ನು ಫೈಸ್ಟ್ 25,000 ಡಾಲರ್ ಕೊಟ್ಟು ಕೊಂಡರು. ಆ ಕಾಲಕ್ಕೆ ದೊಡ್ಡ ಮೊತ್ತ. ಇಪ್ಪತ್ತು ಲಕ್ಷದಷ್ಟು ಹಾಳೆ ಮಾರಾಟ ಆಯಿತು. ಅದಕ್ಕೆ ಕಾರಣ ಹಾಡಿನ ಕಟ್ಟುವಿಕೆಯಲ್ಲೇ ಇದೆ. ಪಲ್ಲವಿಯ ಮೊದಲ ಮೂರು ಸ್ವರ ಸೇನೆಯ ಕಹಳೆಯ ಕರೆಯಂತೆ ಮೇಲೆ ಕೆಳಗೆ ಜಿಗಿಯುತ್ತದೆ. ಕೇಳಿದ ಒಂದೇ ಸಲಕ್ಕೆ ಯಾರು ಬೇಕಾದರೂ ಹಾಡಬಹುದು. ಮಗಳಿಗೆ ಆ ಮೂರು ಸ್ವರ ನುಡಿಸಲು ಹೇಳಿ, ಗೊತ್ತಾಗುತ್ತದೆ. ಖ್ಯಾತ ಒಪೆರಾ ಗಾಯಕ ಕರೂಸೋ ಕೂಡ 1918ರಲ್ಲಿ ಇದನ್ನು ಹಾಡಿದರು. ಮುಖಪುಟದಲ್ಲಿ ಸೈನಿಕರು ಬೆಂಕಿಯ ಸುತ್ತ ಕೂತು ಹಾಡುವ ಚಿತ್ರ ಇದ್ದರೆ ಅದು ಅಮೆರಿಕದ ಹೆಸರಾಂತ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಬಿಡಿಸಿದ್ದು. ಅದನ್ನು ಬೇರೆ ತೆಗೆದಿಡಿ.

ಆದರೆ ನಿಮ್ಮ ಮೂವತ್ತರಲ್ಲಿ ಇಂಥ ಗಂಟಲು ಬಿಚ್ಚಿ ಹಾಡುವ ಹಾಡು ಎಷ್ಟಿವೆ, ಎಣಿಸಿ ನೋಡಿ. ಜಾಸ್ತಿ ಇರಲ್ಲ. ಹೆಚ್ಚಿನವು ತಾಯಿ, ಪ್ರಿಯತಮೆ, ಪತ್ರ, ಪ್ರಾರ್ಥನೆ, ಬಾಗಿಲಲ್ಲಿ ಕಾಯುವ ಮಗು, ರೆಡ್ ಕ್ರಾಸ್ ನರ್ಸ್. ಯಾಕೆ ಅಂದರೆ ಹಾಳೆ ಕೊಳ್ಳುತ್ತಿದ್ದದ್ದು ಮನೆಯಲ್ಲಿದ್ದವರು. ಅದರಲ್ಲೂ ಪಿಯಾನೋ ಕಲಿತ ಹೆಣ್ಣುಮಕ್ಕಳು. ಯುದ್ಧದ ಹಾಡು ಯುದ್ಧಕ್ಕೆ ಹೋದವನಿಗೆ ಬರೆದದ್ದಲ್ಲ, ಮನೆಯಲ್ಲಿ ಉಳಿದವಳಿಗೆ ಬರೆದದ್ದು. ಸುಮ್ನೆ ದೇಶಭಕ್ತಿ ಗೀತೆ ಅಂತ ಒಂದೇ ಡಬ್ಬಿಗೆ ಹಾಕಿಬಿಟ್ಟರೆ ಇದು ಕಾಣೋದೇ ಇಲ್ಲ. ‘ಹಲೋ ಸೆಂಟ್ರಲ್! ಗಿವ್ ಮಿ ನೋ ಮ್ಯಾನ್ಸ್ ಲ್ಯಾಂಡ್’ 1918ರದು. ಆಲ್ ಜೋಲ್ಸನ್ ಹಾಡಿ ಹೆಸರುವಾಸಿ ಮಾಡಿದರು. ಒಂದು ಪುಟ್ಟ ಮಗು ರಾತ್ರಿ ಕದ್ದು ಬಂದು ಟೆಲಿಫೋನ್ ಎತ್ತುತ್ತದೆ. ಎರಡು ಸೇನೆಗಳ ಕಂದಕದ ನಡುವಿನ ಜಾಗಕ್ಕೆ ಲೈನ್ ಕೊಡಿ, ಅಪ್ಪ ಅಲ್ಲಿದ್ದಾನೆ ಅಂತ ಆಪರೇಟರನ್ನು ಕೇಳುತ್ತದೆ. ಅತಿ ಭಾವುಕ ಅಂತ ಇವತ್ತು ಅನ್ನಬಹುದು. ಆ ಯುದ್ಧದಲ್ಲಿ ಅಮೆರಿಕದ 1.16 ಲಕ್ಷ ಜನ ಸತ್ತರು, ಅರ್ಧಕ್ಕಿಂತ ಹೆಚ್ಚು ರೋಗದಿಂದಲೇ. ಆ ಹಾಳೆ ಮುಂದಿಟ್ಟುಕೊಂಡು ಹಾಡಿದವಳ ಮನೆಯಲ್ಲಿ ಯಾರು ದೂರ ಹೋಗಿದ್ದರೋ ಏನೋ. ನನಗೆ ಅದನ್ನು ಹಗುರ ಮಾಡಲು ಮನಸ್ಸು ಬರಲ್ಲ.

ಬ್ರಿಟನ್ನಿನಿಂದ ಬಂದ ‘ಕೀಪ್ ದ ಹೋಮ್ ಫೈರ್ಸ್ ಬರ್ನಿಂಗ್’ ಇದೆಯಾ ನೋಡಿ. 1914ರದು. ಸಂಗೀತ ಐವರ್ ನೊವೆಲೋ. ಸಾಹಿತ್ಯ ಬರೆದ ಲೀನಾ ಗಿಲ್ಬರ್ಟ್ ಫೋರ್ಡ್ ಅಮೆರಿಕದವರು, ಲಂಡನ್ನಿನಲ್ಲಿ ನೆಲೆಸಿದ್ದರು. ಮನೆಯ ಒಲೆ ಆರದಂತೆ ನೋಡಿಕೊಳ್ಳಿ, ಹುಡುಗರು ವಾಪಸ್ ಬರುತ್ತಾರೆ ಅಂತ ಬರೆದ ಆಕೆ 1918ರ ಮಾರ್ಚ್‌ನಲ್ಲಿ ತಮ್ಮ ಮನೆಯಲ್ಲೇ ಜರ್ಮನ್ ವಿಮಾನ ದಾಳಿಗೆ ಬಲಿಯಾದರು.

ಇನ್ನು ದೊಡ್ಡದು-ಚಿಕ್ಕದರ ವಿಷಯ. ಸ್ಕೇಲು ತಂದು ಅಳೆಯಿರಿ. ದೊಡ್ಡವು ಸುಮಾರು 10.5 ಇಂಚು ಅಗಲ, 13.5 ಇಂಚು ಉದ್ದ ಇರುತ್ತವೆ. ಅದು ಯುದ್ಧಕ್ಕೆ ಮುಂಚಿನಿಂದ ಬಂದ ಅಳತೆ. 1918ರಲ್ಲಿ ಕಾಗದ ಉಳಿಸಬೇಕಾಗಿ ಬಂದು ಅಳತೆ ಇಳಿಯಿತು. ಸುಮಾರು 9ಕ್ಕೆ 12 ಇಂಚು ಆಯಿತು. ಕೆಲವನ್ನು 7ಕ್ಕೆ 10 ಇಂಚಿನ ಯುದ್ಧಕಾಲದ ಪುಟ್ಟ ಆವೃತ್ತಿಯಾಗಿ ತಂದರು. ನಿಮ್ಮ ಚಿಕ್ಕ ಪುಸ್ತಕದಷ್ಟಿನವು ಇವೇ ಇರಬೇಕು. ಫೈಸ್ಟ್ ಹಾಳೆಗಳಾದರೆ ಅಂಚಿನಲ್ಲಿ ಒಂದು ಸೂಚನೆ ಹುಡುಕಿ: ಸರ್ಕಾರದ ಜೊತೆ ಸಹಕರಿಸಿ ಕಾಗದ ಉಳಿಸಲು ಈ ಹಾಡನ್ನು ದೊಡ್ಡ ಅಳತೆಯಲ್ಲಿ ತರುವುದಿಲ್ಲ ಅನ್ನುವ ಅರ್ಥದ್ದು. ಯುದ್ಧ ಮುಗಿದ ಮೇಲೆ ಹಳೇ ಅಳತೆ ಮತ್ತೆ ಬರಲಿಲ್ಲ. ಕಾಗದವೂ ಉಳಿಯಿತು, ಖರ್ಚೂ ಉಳಿಯಿತು, ಇನ್ಯಾಕೆ ಬದಲಾಯಿಸುತ್ತಾರೆ? ನಿಮ್ಮ ಸಾಲಿನಲ್ಲಿ 1918ರ ಹತ್ತಿರ ಹಾಳೆಗಳು ಕಣ್ಣೆದುರೇ ಕುಗ್ಗುವುದು ಕಾಣುತ್ತದೆ. ಊಟಕ್ಕೆ ಗೋಧಿ ಉಳಿಸಿ, ಕಲ್ಲಿದ್ದಲು ಉಳಿಸಿ ಅಂತ ಹೇಳುತ್ತಿದ್ದ ಕಾಲ ಅದು. ಆ ಉಳಿತಾಯ ಪಿಯಾನೋ ಬೆಂಚಿನವರೆಗೂ ಬಂದಿತ್ತು.

ದೊಡ್ಡ ಹಾಳೆಗಳನ್ನು ನಿಧಾನವಾಗಿ ಬಿಡಿಸಿ. ಎಷ್ಟೋ ಸಲ ಮಡಿಕೆಯ ನಡುವೆ ಒಂದು ಬಿಡಿ ಹಾಳೆ ಇರುತ್ತದೆ. ಅದು ಬಿದ್ದುಹೋದರೆ ಹಾಡು ಅರ್ಧಕ್ಕೆ ನಿಲ್ಲುತ್ತದೆ. ಕೊಳ್ಳುವವರು ಮೊದಲು ನೋಡುವುದೂ ಅದನ್ನೇ.

ದೊಡ್ಡ ಕಂಪನಿಗಳ ಹಾಳೆಗಳ ನಡುವೆ ಬಣ್ಣವೇ ಇಲ್ಲದ, ಒರಟು ಅಚ್ಚಿನ, ಯಾವುದೋ ಸಣ್ಣ ಊರಿನ ಹೆಸರಿರುವ ಹಾಳೆ ಇದ್ದರೆ ನನಗೆ ಅದರ ಮೇಲೆ ಜಾಸ್ತಿ ಪ್ರೀತಿ. ಅಮೆರಿಕ ಯುದ್ಧದಲ್ಲಿದ್ದ 1917, 1918ರಲ್ಲಿ ಅಲ್ಲಿ ಹಾಡು ಬರೆಯದವರೇ ಇರಲಿಲ್ಲ ಅನ್ನಬೇಕು. ಮೇಷ್ಟ್ರು, ಪಾದ್ರಿ, ಗೃಹಿಣಿ, ಅಂಗಡಿಯವರು, ಎಲ್ಲರೂ ಬರೆದರು. ಲೈಬ್ರರಿ ಆಫ್ ಕಾಂಗ್ರೆಸ್‌ನ ಮೊದಲ ಮಹಾಯುದ್ಧದ ಸಂಗ್ರಹದಲ್ಲಿ ಸುಮಾರು 14,000 ಹಾಡಿನ ಹಾಳೆಗಳಿವೆ. ಅದರಲ್ಲಿ ಇಂಥ ಸ್ವಂತ ಖರ್ಚಿನ ಹಾಡುಗಳು ರಾಶಿ ರಾಶಿ. ಇವರನ್ನು ಸುಲಿದವರೂ ಇದ್ದರು. ನಿಮ್ಮ ಪದ್ಯ ಕಳಿಸಿ, ನಾವು ರಾಗ ಹಾಕಿ ಪ್ರಕಟಿಸುತ್ತೇವೆ, ಹೆಸರು ದುಡ್ಡು ಎರಡೂ ಬರುತ್ತೆ ಅಂತ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿ, ಶುಲ್ಕ ಕಿತ್ತುಕೊಂಡು, ಒಂದೇ ಥರದ ರಾಗ ಹಾಕಿ ಕೆಲವು ಪ್ರತಿ ಕಳಿಸಿ ಸುಮ್ಮನಾಗುತ್ತಿದ್ದರು. ಮಗನನ್ನು ಕಳಿಸಿದ ಒಬ್ಬ ತಾಯಿ ತಾನೇ ಬರೆದ ನಾಲ್ಕು ಸಾಲಿಗೆ ಹೀಗೆ ದುಡ್ಡು ಕಳೆದುಕೊಳ್ಳೋದು ಅಂದರೆ ಎಂಥ ಅನ್ಯಾಯ. ಆದರೂ ಆ ಹಾಡುಗಳಲ್ಲಿ ನ್ಯೂಯಾರ್ಕಿನ ನುರಿತವರಿಗೆ ಸಿಗದ ಮಾತುಗಳಿವೆ. ಊರಿನ ಹುಡುಗರ ದಳದ ಹೆಸರು, ಊರ ರೈಲು ನಿಲ್ದಾಣ. ಒಹಾಯೋದ ಊರು ಯಾವುದಾದರೂ ಸಿಕ್ಕರೆ ನಿಮ್ಮ ಜಿಲ್ಲೆಯ ಗ್ರಂಥಾಲಯಕ್ಕೆ ತಿಳಿಸಿ. ಅವರಲ್ಲೇ ಅದು ಇಲ್ಲದಿರಬಹುದು. ಕ್ಲೀವ್‌ಲ್ಯಾಂಡ್‌ನ ಸ್ಯಾಮ್ ಫಾಕ್ಸ್ ಹೆಸರಿದ್ದರೆ ಮಾತ್ರ ಅದು ನಿಮ್ಮ ರಾಜ್ಯದ್ದೇ ಆದ ದೊಡ್ಡ ಪ್ರಕಾಶನ.

‘ಆನ್ ಪ್ಯಾಟ್ರೋಲ್ ಇನ್ ನೋ ಮ್ಯಾನ್ಸ್ ಲ್ಯಾಂಡ್’ ಅನ್ನುವ 1919ರ ಹಾಳೆ ಏನಾದರೂ ನಿಮ್ಮಲ್ಲಿ ಇದ್ದರೆ ಎರಡು ಕೈಯಲ್ಲಿ ಹಿಡಿಯಿರಿ. ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಸೈನಿಕರ 369ನೇ ಪದಾತಿ ದಳದ ಬ್ಯಾಂಡಿನ ನಾಯಕ ಜೇಮ್ಸ್ ರೀಸ್ ಯುರೋಪ್, ನೋಬಲ್ ಸಿಸಲ್, ಯುಬಿ ಬ್ಲೇಕ್ ಸೇರಿ ಮಾಡಿದ್ದು. ಯುರೋಪ್ ಸ್ವತಃ ಮುಂಚೂಣಿಯಲ್ಲಿದ್ದ ಅಧಿಕಾರಿ. ವಿಷಾನಿಲಕ್ಕೆ ಸಿಕ್ಕಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇದನ್ನು ಕಟ್ಟಿದರು. ಟಿನ್ ಪ್ಯಾನ್ ಆಲಿಯ ಬಹುತೇಕ ಯುದ್ಧ ಹಾಡುಗಳನ್ನು ಬರೆದವರು ಕಂದಕ ಕಂಡಿರಲಿಲ್ಲ. ಇವರು ಕಂಡಿದ್ದರು. ಸೈನಿಕರು ತಗ್ಗು ಹಿಡಿದು ತೆವಳುವಾಗ ಒಬ್ಬರಿಗೊಬ್ಬರು ಹೇಳುವ ಎಚ್ಚರಿಕೆಗಳೇ ಆ ಹಾಡಿನ ಸಾಲುಗಳು. ಯುದ್ಧದಿಂದ ಬದುಕಿ ಬಂದ ಯುರೋಪ್ 1919ರ ಮೇ 9ಕ್ಕೆ ಬಾಸ್ಟನ್ನಿನಲ್ಲಿ ತಮ್ಮದೇ ತಂಡದ ಒಬ್ಬ ಡ್ರಮ್ಮರ್ ಚಾಕು ಹಾಕಿದ್ದರಿಂದ ತೀರಿಕೊಂಡರು.

ಮಗಳ ಕೈಗೆ ಕಟ್ಟು ಕೊಡುವ ಮೊದಲು ನೀವು ಒಂದು ಸಲ ಎಲ್ಲ ಮುಖಪುಟ ನೋಡಿಬಿಡಿ. ಕಪ್ಪು ಜನರನ್ನು ತೀರಾ ಕೀಳಾಗಿ ಬಿಡಿಸಿದ ಚಿತ್ರಗಳು, ಅವರ ಮಾತನ್ನು ಅಣಕಿಸುವ ಹಾಡುಗಳು ಆ ಕಾಲದಲ್ಲಿ ರಾಜಾರೋಷವಾಗಿ ಮಾರಾಟ ಆಗುತ್ತಿದ್ದವು. ಸಿಕ್ಕರೆ ಎಸೆಯಬೇಡಿ, ಅದೂ ದಾಖಲೆಯೇ. ಆದರೆ ಮಗು ಒಬ್ಬಳೇ ಅದನ್ನು ನೋಡೋದು ಬೇಡ. ಜೊತೆಗೆ ಕೂತು ವಿವರಿಸಿ.

ಬೆಲೆಯ ವಿಷಯಕ್ಕೆ ಹೆಚ್ಚು ಹೇಳೋದೇನಿಲ್ಲ. ಲಕ್ಷಗಟ್ಟಲೆ ಅಚ್ಚಾದ ಹಾಡುಗಳು ಲಕ್ಷಗಟ್ಟಲೆ ಮನೆಗಳಲ್ಲಿ ಉಳಿದಿವೆ. ಹೆಚ್ಚಿನವಕ್ಕೆ ಕೆಲವೇ ಡಾಲರ್ ಸಿಗುತ್ತದೆ. ರಾಕ್‌ವೆಲ್ ಚಿತ್ರದ್ದು, ಕಪ್ಪು ಸಂಗೀತಗಾರರದ್ದು, ಸಣ್ಣ ಊರಿನ ಅಪರೂಪದ್ದು ಸ್ವಲ್ಪ ಜಾಸ್ತಿ ಹೋಗಬಹುದು. ಕಟ್ಟನ್ನು ಒಡೆದು ಮಾರೋದು ನನಗೆ ಇಷ್ಟವಿಲ್ಲ. ಒಂದು ಮನೆಯವರು ಆರಿಸಿ ಕೊಂಡದ್ದು ಒಟ್ಟಾಗಿ ಇದ್ದರೇನೇ ಅದಕ್ಕೆ ಅರ್ಥ. ಅಂಗಡಿಯ ಮೊಹರು, ಪೆನ್ಸಿಲಿನಲ್ಲಿ ಬರೆದ ಹೆಸರು, ಬೆರಳು ಇಡಬೇಕಾದ ಕಡೆ ಹಾಕಿದ ಅಂಕಿ, ಯಾವುದನ್ನೂ ರಬ್ಬರ್ ಹಾಕಿ ಅಳಿಸಬೇಡಿ.

ಈ ಕಾಗದ ಅಗ್ಗದ ಮರದ ತಿರುಳಿನದು, ಒಳಗೇ ಆಮ್ಲ ಇದೆ. ಅದಕ್ಕೇ ಹಳದಿ ತಿರುಗಿ ಅಂಚು ಉದುರುತ್ತದೆ. ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಆಮ್ಲ ಇಲ್ಲದ ಫೋಲ್ಡರ್ ಸಿಗುತ್ತದೆ, ಅದರಲ್ಲಿಟ್ಟು ಬಿಸಿಲು ಬೀಳದ, ತೇವ ಇಲ್ಲದ ಕಪಾಟಿನಲ್ಲಿ ಮಲಗಿಸಿ. ನೆಲಮಾಳಿಗೆ ಬೇಡ, ಅಟ್ಟವೂ ಬೇಡ. ಮೊದಲೇ ಎಲ್ಲವನ್ನೂ ಸ್ಕ್ಯಾನ್ ಮಾಡಿ. ಮಗಳು ನುಡಿಸಲು ಪ್ರಿಂಟ್ ಬಳಸಲಿ.

ನುಡಿಸೋದು ಕಷ್ಟವಿಲ್ಲ. ಇವನ್ನು ಬರೆದಿದ್ದೇ ಸಾಧಾರಣವಾಗಿ ಕಲಿತವರಿಗೆ. ಬಲಗೈ ಹೆಚ್ಚಾಗಿ ಹಾಡಿನ ರಾಗವನ್ನೇ ನುಡಿಸುತ್ತದೆ, ಎಡಗೈ ತಾಳ ಹಿಡಿಯುತ್ತದೆ. ಆರಂಭದ ಸಂಗೀತ ಮುಗಿದ ಕೂಡಲೇ ಉದ್ದಗೆರೆಗಳ ನಡುವಿನ ಎರಡು ಪುಟ್ಟ ಸ್ವರಖಂಡಗಳ ಮೇಲೆ ‘ಟಿಲ್ ರೆಡಿ’ ಅಂತ ಇರುತ್ತದೆ. ಹಾಡುವವರು ಸಿದ್ಧವಾಗುವ ತನಕ ಅದನ್ನೇ ತಿರುಗಿ ತಿರುಗಿ ನುಡಿಸಬೇಕು. ಪಲ್ಲವಿಯ ಮೇಲೆ ಪಿ ಮತ್ತು ಎಫ್ ಅಕ್ಷರ ಒಟ್ಟಿಗೆ ಇದ್ದರೆ ಮೊದಲ ಸಲ ಮೆಲ್ಲಗೆ, ಎರಡನೇ ಸಲ ಜೋರಾಗಿ ಅಂತ ಅರ್ಥ. ಮೊದಲ ಸಲ ಒಬ್ಬರು ಹಾಡಿ, ಎರಡನೇ ಸಲ ಇಡೀ ಮನೆಯವರು ಸೇರುವುದಕ್ಕೆ ಇದು ಸರಿಯಾಗಿ ಒಪ್ಪುತ್ತದೆ. ಕಾರ್ಯಕ್ರಮದಲ್ಲೂ ಹಾಗೇ ಮಾಡಿ.

ಯಾವ ಹಾಡು? ಮೊದಲು 1915ರ ತಾಯಿಯ ಹಾಡು, ಆಮೇಲೆ 1917ರ ತಾಯಿಯದು, ಆಮೇಲೆ ‘ಓವರ್ ದೇರ್’, ಕೊನೆಗೆ 1918ರ ‘ಟಿಲ್ ವಿ ಮೀಟ್ ಅಗೇನ್’. ಆ ಕೊನೆಯದು ರಿಚರ್ಡ್ ವೈಟಿಂಗ್ ಮತ್ತು ರೇಮಂಡ್ ಈಗನ್ ಮಾಡಿದ ನಿಧಾನದ ವಾಲ್ಟ್ಸ್, ಅಂದರೆ ಮೂರು ಎಣಿಕೆಯ ತಾಳದ ನೃತ್ಯಸಂಗೀತ. ಹತ್ತಾರು ಲಕ್ಷ ಪ್ರತಿ ಹೋಯಿತು. ಕಲಿಯುವವರ ಕೈಗೆ ಬೇಗ ಕೂರುತ್ತದೆ. ನಡುನಡುವೆ ಎರಡೆರಡು ಮಾತು ಕನ್ನಡದಲ್ಲಿ ಹೇಳಿದರೆ ಸಾಕು. ಬೇಕಿದ್ದರೆ ಇದನ್ನೂ ಸೇರಿಸಿ: ಅದೇ 1918ರ ಸೆಪ್ಟೆಂಬರ್ 23ಕ್ಕೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದರು. ಕೂಟದ ಹಿರಿಯರಿಗೆ ಆ ಯುದ್ಧ ಪರರ ಯುದ್ಧ ಅನಿಸದು.

ಯೂಟ್ಯೂಬಿಗೆ ಧಾರಾಳವಾಗಿ ಹಾಕಿ. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದ ಹಾಡುಗಳ ಹಕ್ಕು ಮುಗಿದಿರುತ್ತದೆ. ನಿಮ್ಮ 1915ರಿಂದ 1919ರ ಹಾಳೆಗಳೆಲ್ಲ ಮುಕ್ತ. ಯಾರದೋ ಹೊಸ ರೆಕಾರ್ಡಿಂಗ್ ಹಿನ್ನೆಲೆಗೆ ಹಾಕಬೇಡಿ, ಅದಕ್ಕೆ ಬೇರೆ ಹಕ್ಕಿದೆ. ಆದರೆ 1923ಕ್ಕೆ ಮೊದಲು ಬಂದ ರೆಕಾರ್ಡುಗಳು 2022ರ ಜನವರಿ 1ರಿಂದ ಮುಕ್ತವಾಗಿವೆ. ಮಗಳು ತಾನೇ ನುಡಿಸಿದ್ದಕ್ಕೂ ಯೂಟ್ಯೂಬಿನ ಯಂತ್ರ ಕೆಲವೊಮ್ಮೆ ತಪ್ಪು ಆಕ್ಷೇಪ ಎತ್ತುತ್ತದೆ. ಆಗ ಹಾಳೆಯ ಕೆಳಗಿನ ಆ ರೋಮನ್ ವರ್ಷದ ಸಾಲನ್ನು ತೋರಿಸಿ ಉತ್ತರ ಕೊಡಿ. ‘ಗಾಡ್ ಬ್ಲೆಸ್ ಅಮೆರಿಕ’ ಸೇರಿಸುವ ಆಸೆಯಾದರೆ ತಡೆಯಿರಿ. ಇರ್ವಿಂಗ್ ಬರ್ಲಿನ್ ಅದನ್ನು 1918ರಲ್ಲಿ ಲಾಂಗ್ ಐಲ್ಯಾಂಡಿನ ಸೇನಾ ಶಿಬಿರದಲ್ಲಿದ್ದಾಗಲೇ ಬರೆದರೂ ಪಕ್ಕಕ್ಕಿಟ್ಟಿದ್ದರು. ತಿದ್ದಿ ಹೊರಗೆ ತಂದದ್ದು 1938ರಲ್ಲಿ. ಅದರ ಹಕ್ಕು ಇನ್ನೂ ಮುಗಿದಿಲ್ಲ.